ಕಡಲ್ಕೊರೆತ: ಕರಾವಳಿ ಎಂಜಿನಿಯರ್ ಜೊತೆ ಪ್ರಶ್ನೋತ್ತರ (ನಮ್ಮ ಮೈಸೂರು ಗುಂಪು)

ಕುವೆಂಪುನಗರದ ಸದಸ್ಯೆ: ಸರ್, ನಮ್ಮಕ್ಕನ ಮನೆ ಉಳ್ಳಾಲದ ಕಡಲ ದಂಡೆಯಲ್ಲಿದೆ. ಕಲ್ಲಿನ ತಡೆಗೋಡೆ ಅವರ ಹಿತ್ತಲ ತನಕ ಬಂದು ನಿಂತಿದೆ. ಹೋದ ಮಳೆಗಾಲ ಅಲ್ಲೇ ಎರಡು ತೆಂಗಿನಮರ ಹೋದವು. ಈಗ ಬಾವಿ ನೀರೂ ಉಪ್ಪು, ಅನ್ನದಲ್ಲೇ ಗೊತ್ತಾಗುತ್ತದೆ. ಗೋಡೆ ಮುಂದುವರಿಸಿದರೆ ಸಾಕಾ?

ಎಂಜಿನಿಯರ್: ಮೇಡಂ, ಇದು ಆತಂಕದ ವಿಷಯ. ಅಲೆ ಗೋಡೆಗೆ ಬಡಿದು ವಾಪಸ್ ಹೋಗುವಾಗ ಬುಡದ ಮರಳನ್ನು ಎಳೆದುಕೊಂಡು ಹೋಗುತ್ತದೆ. ಗೋಡೆ ಮುಗಿಯುವ ಕಡೆ ಕೊರೆತ ಜಾಸ್ತಿ, ಅಕ್ಕನ ಮನೆ ಸರಿಯಾಗಿ ಅಲ್ಲೇ ಇದೆ. ಮುಂದುವರಿಸಿದರೆ ಈ ಕಷ್ಟ ಪಕ್ಕದ ಮನೆಗೆ ಹೋಗುತ್ತದೆ. ಉಳ್ಳಾಲದಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕ್ ಸಾಲದ ಯೋಜನೆಯಲ್ಲಿ ನೀರೊಳಗೆ ದಿಬ್ಬ ಕಟ್ಟಿದ್ದು ಇದಕ್ಕೇ, ಅಲೆಯ ಬಲ ದಡ ಸೇರುವ ಮೊದಲೇ ಮುರಿಯಲಿ ಅಂತ. 1901ರಿಂದ 2018ರೊಳಗೆ ಜಗತ್ತಿನ ಸಮುದ್ರ ಮಟ್ಟ ಸುಮಾರು 20 ಸೆಂ.ಮೀ. ಏರಿದೆ. ಕೇಳೋಕೆ ಕಡಿಮೆ, ಆದರೆ ಮಳೆಗಾಲದ ಅಲೆ ಅದರ ಮೇಲೆ ಏರಿ ಬರುತ್ತದೆ. ಬಾವಿಯಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ, ಮೋಟಾರ್ ಹಾಕಿ ಒಂದೇ ಸಮ ಎಳೆದರೆ ಉಪ್ಪು ಮೇಲೆ ಬರುತ್ತದೆ. ಒಡಿಶಾದಲ್ಲಿ ಕಡಲು ನುಂಗಿದ ಸತಭಾಯ ಊರಿನವರಿಗೆ ಬಾಗಪಟಿಯಾ ಅನ್ನೋ ಕಡೆ ಸರ್ಕಾರವೇ ಜಾಗ ಕೊಟ್ಟಿತು. ಹಾಗೆ ಓಣಿಯವರೆಲ್ಲ ಸೇರಿ ಜಾಗ ಕೇಳಿ, ಮನೆ ಬಿದ್ದ ಮೇಲಲ್ಲ.

ವಿಜಯನಗರದ ಸದಸ್ಯರು: ಫಾರ್ವರ್ಡ್ ಬಂದಿದೆ, ಬಾವಿಗೆ ಪಟಿಕ, ಇದ್ದಿಲು ಹಾಕಿದರೆ ಉಪ್ಪು ಇಳಿಯುತ್ತದಂತೆ.

ಎಂಜಿನಿಯರ್: ಇಳಿಯುವುದಿಲ್ಲ. ಪಟಿಕಕ್ಕೆ ಕೆಸರು ಕೂರುತ್ತದೆ, ಕರಗಿದ ಉಪ್ಪಲ್ಲ. ಕುಡಿಯುವ ಬಾವಿಗೆ ಏನೇನೋ ಸುರಿಸಬೇಡಿ ದಯವಿಟ್ಟು.

ಹುಣಸೂರಿನ ಸದಸ್ಯರು: ದೊಡ್ಡ ಗೋಡೆ ಕಟ್ಟಿದರೆ ಆಗಲ್ವಾ ಸರ್?

ಎಂಜಿನಿಯರ್: ಮೇಲೆ ಓದಿ.

ನಂಜನಗೂಡಿನ ಸದಸ್ಯೆ: ದಂಡೆಯಲ್ಲಿ ಗಾಳಿಮರ ನೆಟ್ಟರೆ ಉಪಯೋಗವಾ ಸರ್?

ಮಂಡ್ಯದ ಸದಸ್ಯರು: ಕಾವೇರಿ ನೀರು ಸುಮ್ನೆ ಸಮುದ್ರ ಸೇರುತ್ತಿದೆ. ಇನ್ನೊಂದು ಅಣೆಕಟ್ಟು ಕಟ್ಟಿದರೆ ಸಮುದ್ರ ಏರೋದೂ ನಿಲ್ಲುತ್ತದೆ ಅಲ್ವಾ?

ಎಂಜಿನಿಯರ್: ಇಲ್ಲ. ನೀರು ಬಿಸಿಯಾಗಿ ಹಿಗ್ಗುವುದರಿಂದ, ನೆಲದ ಮೇಲಿನ ಹಿಮ ಕರಗುವುದರಿಂದ ಏರುತ್ತಿದೆ.

ಶ್ರೀರಂಗಪಟ್ಟಣದ ಸದಸ್ಯರು: ನದಿಯ ಹೂಳು ಕೆಆರ್‌ಎಸ್, ಮೆಟ್ಟೂರಿನಲ್ಲೇ ನಿಲ್ಲುತ್ತದೆ ಅಣ್ಣಾ. ಕಾವೇರಿ ಸಮುದ್ರ ಸೇರುವ ತಮಿಳುನಾಡಿನ ಪೂಂಪುಹಾರ್ ಕಡೆ ದಂಡೆಗೆ ಮಣ್ಣು ಬೇಡವಾ?

ಮಂಡ್ಯದ ಸದಸ್ಯರು: ನಮ್ಮ ನಾಲೆಗೇ ನೀರಿಲ್ಲ, ಭತ್ತ ಒಣಗುತ್ತಿದೆ, ನಿಮಗೆ ಪೂಂಪುಹಾರ್ ಚಿಂತೆ! ಯಾವ ಊರಿನವರು ನೀವು?

ಶ್ರೀರಂಗಪಟ್ಟಣದ ಸದಸ್ಯರು: ನದಿ ದಡದಲ್ಲೇ ಹುಟ್ಟಿದವನು. ಊರು ಕೇಳಿ ಬಾಯಿ ಮುಚ್ಚಿಸೋಕೆ ಬರಬೇಡಿ.

ಎಂಜಿನಿಯರ್: ಜಗಳ ಬೇರೆ ಕಡೆ ಮಾಡಿಕೊಳ್ಳಿ. ಕುವೆಂಪುನಗರದ ಮೇಡಂ, ಕೊರೆದ ಅಂಚಿನಿಂದ ಮನೆಗೆ ಎಷ್ಟು ದೂರ? ಇವತ್ತೇ ಅಳೆಸಿ.

ಕುವೆಂಪುನಗರದ ಸದಸ್ಯೆ: ಹದಿನಾಲ್ಕು ಹೆಜ್ಜೆ ಸರ್. ಹೋದ ವರ್ಷ ಇಪ್ಪತ್ತೆರಡು ಇತ್ತಂತೆ.

ಎಂಜಿನಿಯರ್: ಜೂನ್‌ಗೆ ಮುಂಚೆ ಮಕ್ಕಳನ್ನೂ ಮನೆ ಕಾಗದಪತ್ರವನ್ನೂ ಬೇರೆ ಕಡೆ ಸೇರಿಸಿ. ಇವತ್ತು ರಾತ್ರಿಯೇ ನನಗೆ ಫೋನ್ ಮಾಡಿ.