ಓದುಗರ ಸ್ಪಂದನ: ಮಗಳ ಹೊಕ್ಕುಳು ಉಬ್ಬಿದೆ, ಈಗಲೇ ಆಪರೇಷನ್ ಮಾಡಿಸಬೇಕೇ?

ಕಳೆದ ಸಂಚಿಕೆಯಲ್ಲಿ ಶಿವಮೊಗ್ಗ ಜಿಲ್ಲೆಯ ತಾಯಿಯೊಬ್ಬರ ಪತ್ರ ಪ್ರಕಟವಾಗಿತ್ತು. ಅವರ ಮೂರು ವರ್ಷದ ಮಗಳಿಗೆ ಹುಟ್ಟಿದಾಗಿನಿಂದ ಹೊಕ್ಕುಳ ಹರ್ನಿಯಾ, ಅಂದರೆ ಹೊಕ್ಕುಳಿನ ಹಿಂದೆ ಮುಚ್ಚದೇ ಉಳಿದ ಕಿಂಡಿಯಿಂದ ಹೊಟ್ಟೆಯ ಒಳಗಿನದು ಹೊರಕ್ಕೆ ಉಬ್ಬುವುದು. ಅತ್ತಾಗ, ಕೆಮ್ಮಿದಾಗ ನಿಂಬೆಹಣ್ಣಿನಷ್ಟು ಉಬ್ಬುತ್ತದೆ, ಮಲಗಿದರೆ ಒಳಗೆ ಹೋಗುತ್ತದೆ, ನೋವಿಲ್ಲ. ಒಬ್ಬ ಸರ್ಜನ್ ‘ಐದು ವರ್ಷದ ತನಕ ನೋಡೋಣ’ ಎಂದಿದ್ದಾರೆ. ಇನ್ನೊಬ್ಬರು ‘ಹೇಗೂ ಮಾಡಲೇಬೇಕು, ಈಗಲೇ ಮುಗಿಸಿಬಿಡಿ’ ಎಂದಿದ್ದಾರೆ. ‘ಹೆಣ್ಣುಮಗು, ನಾಳೆ ಮದುವೆಯಾಗಬೇಕಾದವಳು’ ಎಂಬುದು ಮಾವನವರ ಆತಂಕ. ಮಗುವನ್ನು ಅಳಲು ಬಿಟ್ಟಿದ್ದರಿಂದಲೇ ಹೀಗಾಯಿತು ಎಂದು ಅತ್ತೆ ಹೇಳುತ್ತಾರೆ ಅನ್ನುವ ಒಂದು ಸಾಲು ಪತ್ರದ ತುದಿಯಲ್ಲಿತ್ತು. ಬಂದ ಉತ್ತರಗಳಲ್ಲಿ ಬಹಳಷ್ಟು ಆ ಒಂದು ಸಾಲಿಗೇ ಬಂದಿವೆ. ಆಯ್ದ ಕೆಲವು ಇಲ್ಲಿವೆ.

*

ಅಮ್ಮಾ, ಉಬ್ಬು ಎಷ್ಟು ದಪ್ಪ ಎಂದು ಬರೆದಿದ್ದೀರಿ, ಒಳಗಿನ ಕಿಂಡಿ ಎಷ್ಟು ಅಗಲ ಎಂದು ಬರೆದಿಲ್ಲ. ಡಾಕ್ಟರು ಹೇಳಿರದಿದ್ದರೆ ಮೊದಲು ಅದನ್ನು ಕೇಳಿ. ಮಗು ಮಲಗಿ ಹೊಟ್ಟೆ ಸಡಿಲವಾಗಿದ್ದಾಗ ಉಬ್ಬನ್ನು ಮೆಲ್ಲಗೆ ಒಳಕ್ಕೆ ಒತ್ತಿದರೆ ಸುತ್ತಲೂ ಒಂದು ಗಟ್ಟಿ ಅಂಚು ಬೆರಳಿಗೆ ಸಿಗುತ್ತದೆ. ಹೊಕ್ಕುಳಬಳ್ಳಿ ಹಾದುಬಂದಿದ್ದ ದಾರಿ ಅದು. ಬಳ್ಳಿ ಬಿದ್ದ ಮೇಲೆ ಮುಚ್ಚಿಕೊಳ್ಳಬೇಕು, ಕೆಲವು ಮಕ್ಕಳಲ್ಲಿ ತಡವಾಗುತ್ತದೆ. ತಿಂಗಳು ತುಂಬುವ ಮುಂಚೆ ಹುಟ್ಟಿದವರಲ್ಲಿ, ತೂಕ ಕಡಿಮೆ ಇದ್ದವರಲ್ಲಿ ಇದು ಹೆಚ್ಚು. ಕಿಂಡಿ ಒಂದು ಸೆಂಟಿಮೀಟರ್ ಒಳಗಿದ್ದರೆ ಹೆಚ್ಚಿನ ಮಕ್ಕಳಲ್ಲಿ ನಾಲ್ಕೈದು ವರ್ಷದೊಳಗೆ ತಾನೇ ಮುಚ್ಚುತ್ತದೆ. ಒಂದೂವರೆ, ಎರಡು ದಾಟಿದ್ದರೆ ಆ ಭರವಸೆ ಕಡಿಮೆ. ಹೊರಗೆ ಚರ್ಮ ಎಷ್ಟೇ ಜೋತುಬಿದ್ದಿದ್ದರೂ ಒಳಗಿನ ಕಿಂಡಿ ಚಿಕ್ಕದೇ ಇರಬಹುದು, ಅದಕ್ಕೇ ಉಬ್ಬು ನೋಡಿ ಹೆದರಬೇಡಿ.

ಇನ್ನೊಂದು ಮಾತು, ಇದನ್ನು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿ. ಉಬ್ಬು ಗಟ್ಟಿಯಾಗಿ ಒಳಗೆ ಹೋಗದೇ ಇದ್ದರೆ, ಮುಟ್ಟಿದರೆ ಮಗು ಚೀರಿದರೆ, ಅಲ್ಲಿನ ಚರ್ಮ ಕೆಂಪಗೋ ನೀಲಿಗೋ ತಿರುಗಿದರೆ, ವಾಂತಿ ಶುರುವಾದರೆ, ಅದರಲ್ಲೂ ಹಸಿರು ವಾಂತಿಯಾದರೆ, ಬೆಳಗಾಗಲಿ ಅನ್ನಬೇಡಿ. ತಿನ್ನಲು ಕುಡಿಯಲು ಏನೂ ಕೊಡದೆ ಸೀದಾ ಆಸ್ಪತ್ರೆಗೆ ಹೊರಡಿ. ಮಕ್ಕಳ ಹೊಕ್ಕುಳಲ್ಲಿ ಕರುಳು ಸಿಕ್ಕಿಕೊಳ್ಳುವುದು ಅಪರೂಪ. ಆದರೆ ಆಗುವುದೇ ಇಲ್ಲ ಅಂತಲ್ಲ.

ಮಗು ಮಂಕಾಗಿದ್ದು, ಮಲಬದ್ಧತೆ ಇದ್ದು, ವಯಸ್ಸಿಗೆ ತಕ್ಕ ಬೆಳವಣಿಗೆ ಕಾಣದಿದ್ದರೆ ಥೈರಾಯ್ಡ್ ರಕ್ತಪರೀಕ್ಷೆ ಒಂದು ಮಾಡಿಸಿ. ಆಟ ಊಟ ಚೆನ್ನಾಗಿದ್ದರೆ ಈ ಸಾಲನ್ನು ಬಿಟ್ಟು ಓದಿ.

– ನಿವೃತ್ತ ಸ್ಟಾಫ್ ನರ್ಸ್ (ಸರ್ಜರಿ ವಾರ್ಡು), ದಾವಣಗೆರೆ

(ಅಚ್ಚಿಗೆ ಹೋಗುವ ಮುಂಚೆಯೇ ಈ ಪತ್ರದ ಒಂದು ಪ್ರತಿಯನ್ನು ಆ ತಾಯಿಗೆ ಕಳುಹಿಸಿದ್ದೇವೆ. – ಸಂ.)

*

ಸರ್ಜನ್ ಒಬ್ಬರಲ್ಲ, ಇಬ್ಬರನ್ನು ಕೇಳಿ ಆಗಿದೆ. ಈಗ ಊರಿಗೆಲ್ಲ ಕೇಳುತ್ತಿದ್ದೀರಿ. ಮಗುವಿನ ಹೊಟ್ಟೆ ಕೊಯ್ಯುವ ವಿಷಯವನ್ನು ಬಹುಮತದಿಂದ ತೀರ್ಮಾನಿಸಲು ಆಗುವುದಿಲ್ಲ.

– ಓದುಗ, ಮೈಸೂರು

*

ನಮ್ಮ ಹುಡುಗಂದೂ ಇದ ಕಥಿ ಇತ್ರಿ. ಡಾಕ್ಟರು ಐದು ತುಂಬಲಿ ಅಂದ್ರು, ಕಾಯ್ದ್ವಿ. ತುಂಬಿತು, ಮುಚ್ಚಲಿಲ್ಲ, ಮಾಡಿಸಿದ್ವಿ. ಮುಂಜಾನೆ ಹೋಗಿ ಸಂಜೀಕ ಮನೀಗೆ ಬಂದ್ವಿ. ಹೊಕ್ಕಳದ ಕೆಳಗ ಬಾಗಿಸಿ ಸಣ್ಣಗೆ ಕೊಯ್ತಾರ, ಒಳಗ ಹೊಲಿಗಿ ಹಾಕಿ ಮುಚ್ಚತಾರ. ದೊಡ್ಡವರಿಗೆ ಕಿಂಡಿ ಮುಚ್ಚಾಕ ಹಾಕ್ತಾರಲ್ಲ ಜಾಳಗಿ, ಮೆಶ್ ಅಂತಾರ, ಸಣ್ಣ ಹುಡುಗರಿಗೆ ಅದು ಬೇಕಾಗೂದಿಲ್ಲಂತ ನಮ್ಮ ಡಾಕ್ಟರು ಹೇಳಿದ್ರು.

ಕಷ್ಟ ಆಗಿದ್ದು ಆಪರೇಷನ್ ಅಲ್ರಿ, ಉಪಾಸ. ಊಟಕ್ಕ ಆರು ತಾಸು ಮೊದಲ ಬಂದ್, ಬರೇ ನೀರು ಎರಡು ತಾಸು ಮೊದಲಿನ ತನಕ ಅಂದಿದ್ರು. ಬಾಜೂ ಕಾಟಿನ ಹುಡುಗಗ ಅವರ ಆಯಿ ಪಾಪ ಅಂತ ಕದ್ದು ಬಿಸ್ಕೀಟು ತಿನಿಸಿದ್ರು. ನರ್ಸಮ್ಮ ಬಾಯಿ ಒರೆಸೂಮುಂದ ತುಟೀಗೆ ಹತ್ತಿದ ಪುಡಿ ಕಂಡುಬಿಡ್ತು, ಅವನ ಆಪರೇಷನ್ ಮುಂದಕ್ಕ ಹೋತು. ಅದನ್ನ ನೋಡಿ ನಮ್ಮಾವಾ ನನಗೂ ಬಿಸ್ಕೀಟು ಬೇಕಂತ ಸುರು ಹಚ್ಚಿದ, ವಾರ್ಡೆಲ್ಲಾ ಕೇಳೂಹಂಗ. ಮನೀಗೆ ಬಂದ ಮ್ಯಾಲೆ ಗಾದಿ ಮ್ಯಾಲಿಂದ ಜಿಗಿಯೂದನ್ನ ಬಿಡಸೂದರಾಗ ನಮ್ಮ ಜೀವ ಹೋತು. ಈಗ ಕಲೆ ಹುಡುಕಿದ್ರ ಸಿಗತದ.

ಆ ಎರಡನೇ ಡಾಕ್ಟರಿಗೆ ಕೇಳ್ರಿ, ಮೂರು ವರ್ಷಕ್ಕ ಯಾಕ ಅವಸರ ಅಂತ. ಕಿಂಡಿ ಭಾಳ ದೊಡ್ಡದದ, ದಿನಾ ನೋವು ಅದ ಅಂತ ಏನರ ಕಾರಣ ಹೇಳಿದ್ರ ಮಾಡಸ್ರಿ. ‘ಹೆಂಗಿದ್ರೂ ಮಾಡಲೇಬೇಕು’ ಅನ್ನೂದು ಕಾರಣ ಅಲ್ಲ.

– ಒಬ್ಬ ತಂದೆ, ಧಾರವಾಡ

(ಭಾಷೆಯನ್ನು ತಿದ್ದಲು ಹೋಗಿಲ್ಲ. ಕೊನೆಯ ಸಾಲನ್ನು ಇನ್ನೊಮ್ಮೆ ಓದಬಹುದು. – ಸಂ.)

*

ಹೊಟ್ಟೆಯ ಹರ್ನಿಯಾವನ್ನು ಯಾವ ಕಾರಣಕ್ಕೂ ಮುಂದೆ ಹಾಕಬೇಡಿ. ನಾನು ಅಂಗಡಿ ಬಿಡಲಾಗದೆ ಬೆಲ್ಟು ಕಟ್ಟಿಕೊಂಡು ದಿನ ತಳ್ಳಿದೆ. ಕೊನೆಗೆ ರಾತ್ರೋರಾತ್ರಿ ಆಪರೇಷನ್, ಮೆಶ್, ವಾರಗಟ್ಟಲೆ ಹಾಸಿಗೆ. ಭಾರ ಎತ್ತುವಂತಿಲ್ಲ, ಅಕ್ಕಿಮೂಟೆಯ ವ್ಯಾಪಾರದವನಿಗೆ ಇದಕ್ಕಿಂತ ಶಿಕ್ಷೆ ಬೇಕೆ? ಮಗುವಿಗೂ ಭಾರ ಎತ್ತಲು ಬಿಡಬೇಡಿ.

– ವ್ಯಾಪಾರಿ, ಬಳ್ಳಾರಿ

(ಇವರ ಕಾಳಜಿಗೆ ಕೃತಜ್ಞತೆಗಳು. ಆದರೆ ದೊಡ್ಡವರ ಹರ್ನಿಯಾ ತಾನಾಗಿ ಮುಚ್ಚುವುದಿಲ್ಲ, ಚಿಕ್ಕ ಮಕ್ಕಳ ಹೊಕ್ಕುಳು ಬಹುಪಾಲು ಮುಚ್ಚುತ್ತದೆ. ಮೂರು ವರ್ಷದ ಮಗು ಆಡಿಕೊಂಡಿರಲಿ. – ಸಂ.)

*

ನಾನು ಬರೆಯುತ್ತಿರುವುದು ಆಪರೇಷನ್ ಬಗ್ಗೆ ಅಲ್ಲ. ಅದು ನನಗೆ ಗೊತ್ತಿಲ್ಲ. ‘ಅಳಲು ಬಿಟ್ಟಿದ್ದರಿಂದ ಹೀಗಾಯಿತು’ ಎಂಬ ಸಾಲನ್ನು ಓದಿ ಪತ್ರಿಕೆ ಮಡಿಚಿಟ್ಟೆ. ಮಧ್ಯಾಹ್ನ ಮತ್ತೆ ತೆಗೆದೆ.

ಬಾಣಂತನ ಮುಗಿಸಿ ತವರಿನಿಂದ ಗಂಡನ ಮನೆಗೆ ಬಂದ ದಿನ ಮಗುವಿಗೆ ನೀರು ಹಾಕುವಾಗ ಅತ್ತೆ ಹೊಕ್ಕುಳು ನೋಡಿದರು. ‘ನಿಮ್ಮಮ್ಮ ಅಳಿಸಿ ಅಳಿಸಿ ಕಳಿಸಿದ್ದಾಳೆ’ ಅಂದರು. ನನ್ನ ಮಗನಿಗೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಅಳು ಶುರುವಾದರೆ ಒಂಬತ್ತರ ತನಕ ನಿಲ್ಲುತ್ತಿರಲಿಲ್ಲ. ಬಹಳ ಕೂಸುಗಳು ಹಾಗೇ ಅಂತೆ, ಆಗ ಯಾರು ಹೇಳಬೇಕು? ಅವನು ಬಾಯಿ ತೆರೆದರೆ ಸಾಕು, ಒಲೆ ಮೇಲೆ ಅನ್ನ ಇರಲಿ, ನಾನು ಸ್ನಾನದಲ್ಲಿರಲಿ, ಓಡಬೇಕಿತ್ತು. ಓಡಿ ಎತ್ತಿಕೊಳ್ಳುವಷ್ಟರಲ್ಲಿ ಅತ್ತೆ ಅವನ ಅಂಗಿ ಮೇಲೆತ್ತಿ ನೋಡಿರುತ್ತಿದ್ದರು, ‘ನೋಡು, ಇನ್ನಷ್ಟು ಬಂತು’ ಅಂತ. ರಾತ್ರಿ ಅವನನ್ನು ಹೆಗಲ ಮೇಲೆ ಹಾಕಿಕೊಂಡು ಹಜಾರದಲ್ಲಿ ತಿರುಗುತ್ತಿದ್ದೆ. ನನ್ನ ಯಜಮಾನರು ಒಳ್ಳೆಯವರು, ಪಕ್ಕದ ಕೋಣೆಯಲ್ಲಿ ಮಲಗುತ್ತಿದ್ದರು.

ಆಮೇಲೆ ನಾಣ್ಯ ಬಂತು. ದೇವರ ಪೆಟ್ಟಿಗೆಯಲ್ಲಿದ್ದ ತಾಮ್ರದ ಹಳೇ ಕಾಸು. ಅದನ್ನು ಅರಿವೆಯಲ್ಲಿ ಸುತ್ತಿ ಹೊಕ್ಕುಳಿನ ಮೇಲಿಟ್ಟು ಹಳೇ ಸೀರೆಯ ಅಂಚಿನಿಂದ ಬಿಗಿಯಾಗಿ ಕಟ್ಟಿದರು. ಬಿಚ್ಚಬಾರದು ಎಂದು ಅಪ್ಪಣೆ. ಬೇಸಿಗೆ, ಎಣ್ಣೆ, ಬೆವರು. ಕಟ್ಟಿನ ಕೆಳಗಿನ ಚರ್ಮ ನೆನೆದು ಬೆಳ್ಳಗಾಗಿ ಸುಲಿದು ವಾಸನೆ ಬಂತು. ಕಾಸಿನ ಅಂಚಿನಗುಂಟ ಒಂದು ಗುಂಡನೆಯ ಹುಣ್ಣು. ಡಾಕ್ಟರ ಹತ್ತಿರ ಮೂವರೂ ಹೋದೆವು. ಅವರು ಕಟ್ಟು ಬಿಚ್ಚಿ ನನ್ನ ಮುಖ ನೋಡಿ, ‘ಓದಿದವರಾಗಿ ಹೀಗೆ ಮಾಡುತ್ತೀರಲ್ಲ’ ಅಂದರು. ಅತ್ತೆ ಗೋಡೆಯ ಮೇಲಿನ ಔಷಧಿ ಕಂಪನಿಯ ಕ್ಯಾಲೆಂಡರ್ ನೋಡುತ್ತಾ ನಿಂತಿದ್ದರು. ನಾನು ಏನೂ ಹೇಳಲಿಲ್ಲ. ಮುಲಾಮು ಬರೆಯುತ್ತಾ ಡಾಕ್ಟರು ಒಂದು ಮಾತು ಹೇಳಿದರು: ‘ಅತ್ತಿದ್ದಕ್ಕೆ ಕಿಂಡಿ ಆಗುವುದಿಲ್ಲಮ್ಮ. ಕಿಂಡಿ ಮೊದಲೇ ಇದೆ, ಅತ್ತಾಗ ಕಾಣುತ್ತೆ, ಅಷ್ಟೆ.’ ಆ ಮಾತನ್ನು ಅವರು ನನಗೆ ಹೇಳಿದರು, ಅತ್ತೆಯ ಕಡೆಗೆ ತಿರುಗಿ ಹೇಳಲಿಲ್ಲ.

ಮಗ ಶಾಲೆಗೆ ಸೇರುವ ಮುಂಚೆ ಹೊಕ್ಕುಳು ತಾನಾಗಿ ಮುಚ್ಚಿತು. ಮನೆಯಲ್ಲಿ ಈವತ್ತಿಗೂ ಅದು ಕಾಸಿನ ಮಹಿಮೆ. ಅವನ ಮದುವೆ ಮಾತುಕತೆಯ ದಿನ ಬೀಗರ ಮುಂದೆಯೂ ಅತ್ತೆ ಆ ಕಥೆ ಹೇಳಿದರು, ‘ಇವಳು ಅಳಿಸುತ್ತಿದ್ದಳು, ನಾನು ಉಳಿಸಿದೆ’ ಅಂತ, ನಗುನಗುತ್ತಲೇ. ಎಲ್ಲರೂ ನಕ್ಕರು. ನಾನು ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದೆ. ಈಗ ಅತ್ತೆಗೆ ಎದ್ದು ಓಡಾಡಲು ಆಗುವುದಿಲ್ಲ, ನಾನೇ ಊಟ ಮಾಡಿಸುತ್ತೇನೆ. ಜಗಳಕ್ಕೆ ಇನ್ನು ಅರ್ಥವಿಲ್ಲ. ಆದರೂ ಮಗುವೊಂದು ಅತ್ತರೆ, ಯಾರ ಮನೆಯದೇ ಆಗಲಿ, ಬಸ್ಸಿನಲ್ಲೇ ಆಗಲಿ, ನನಗೆ ಕೈಕಾಲು ತಣ್ಣಗಾಗುತ್ತದೆ.

ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ನಿಮ್ಮ ಅತ್ತೆಯನ್ನೂ ಯಜಮಾನರನ್ನೂ ಕರೆದುಕೊಂಡು ಹೋಗು, ತಂಗಿ. ‘ಇದು ಅಳುವುದರಿಂದ ಆಯಿತೇ?’ ಎಂದು ಡಾಕ್ಟರನ್ನು ಅವರಿಬ್ಬರ ಎದುರಿಗೇ ಕೇಳು. ಉತ್ತರವನ್ನು ಅವರ ಕಡೆ ತಿರುಗಿ ಹೇಳಿ ಅಂತ ಕೇಳಿಕೋ. ಆಪರೇಷನ್ ಆಮೇಲೆ ನೋಡಿದರಾಯಿತು.

– ಹೆಸರು ಬೇಡ, ಹಾಸನ ಜಿಲ್ಲೆ

(ಪತ್ರ ದೀರ್ಘವಾದರೂ ಕತ್ತರಿ ಆಡಿಸಲು ಮನಸ್ಸಾಗಲಿಲ್ಲ. ಆ ವೈದ್ಯರು ಹೇಳಿದ ಮಾತು ಸರಿಯಾದದ್ದೇ. – ಸಂ.)

*

ಎಲ್ಲಕ್ಕೂ ಅತ್ತೆಯರನ್ನೇ ಬಯ್ಯಬೇಡಿ. ನಾವೂ ಸೊಸೆಯರಾಗಿ ಬಂದವರೇ. ನಮ್ಮ ಕಾಲಕ್ಕೆ ಸರ್ಜನ್ ಎಲ್ಲಿದ್ದರು, ಕೈಗೆ ಸಿಕ್ಕಿದ್ದು ನಾಣ್ಯ. ನನ್ನ ಎರಡನೆಯವನಿಗೆ ಕಟ್ಟಿದೆ, ಮುಚ್ಚಿತು. ನನ್ನ ತಂಗಿ ಮಗನಿಗೆ ಯಾರೂ ಏನೂ ಕಟ್ಟಲಿಲ್ಲ, ಅದೂ ಮುಚ್ಚಿತು. ತಂಗಿಗೆ ನಾಣ್ಯ ಉಳಿಯಿತು. ಕಟ್ಟಬೇಕೋ ಬೇಡವೋ ನೀವೇ ಯೋಚಿಸಿ.

– ಅಜ್ಜಿ, ಮಂಡ್ಯ

(ನಾಣ್ಯ, ಪಟ್ಟಿ, ಲೇಪಗಳನ್ನು ಸೂಚಿಸಿ ಬಂದ ಪತ್ರಗಳು ಇನ್ನೂ ಇವೆ. ಅವನ್ನೆಲ್ಲ ಓದಿದ ಮೇಲೆ ಈ ಒಂದನ್ನು ಆರಿಸಿಕೊಂಡೆವು. – ಸಂ.)

*

ಆಪರೇಷನ್‌ಗಿಂತ ಮತ್ತಿನ ಮದ್ದಿಗೆ ಹೆದರುವ ತಾಯಂದಿರು ದಿನವೂ ಬರುತ್ತಾರೆ. ನೀವು ಕೇಳಿಲ್ಲ, ಆದರೂ ಇಂದೋ ನಾಳೆಯೋ ಯಾರಾದರೂ ‘ಮತ್ತು ಕೊಟ್ಟರೆ ಮಗುವಿನ ಬುದ್ಧಿ ಮಂದವಾಗುತ್ತದೆ’ ಎಂದು ಹೇಳಿಯೇ ಹೇಳುತ್ತಾರೆ. ಅದಕ್ಕಾಗಿ ಬರೆಯುತ್ತಿದ್ದೇನೆ.

ಮೂರು ವರ್ಷದೊಳಗಿನ ಮಕ್ಕಳಿಗೆ ಮೂರು ಗಂಟೆಗೂ ಮೀರಿ, ಇಲ್ಲವೇ ಪದೇಪದೇ ಅರಿವಳಿಕೆ ಕೊಟ್ಟರೆ ಮಿದುಳಿನ ಬೆಳವಣಿಗೆಗೆ ತೊಂದರೆ ಆಗಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲಿ ಎಚ್ಚರಿಸಿತ್ತು. ಮಾತು ಹಬ್ಬುವಾಗ ಆ ‘ಮೂರು ಗಂಟೆ’ ಉದುರಿಹೋಯಿತು. ತೊಡೆಸಂದಿನ ಹರ್ನಿಯಾ ಆಪರೇಷನ್ ಆದ ಹಸುಗೂಸುಗಳನ್ನು ಏಳು ದೇಶಗಳಲ್ಲಿ ಐದು ವರ್ಷದ ತನಕ ಗಮನಿಸಿದ ಅಧ್ಯಯನವೊಂದು 2019ರಲ್ಲಿ ಹೊರಬಂತು. ಒಂದು ಗಂಟೆಯೊಳಗಿನ ಪೂರ್ಣ ಅರಿವಳಿಕೆ ಪಡೆದವರಿಗೂ, ಎಚ್ಚರವಾಗಿದ್ದಾಗಲೇ ಬೆನ್ನಿಗೆ ಚುಚ್ಚುಮದ್ದು ಕೊಟ್ಟು ಆಪರೇಷನ್ ಮಾಡಿಸಿಕೊಂಡವರಿಗೂ ಬುದ್ಧಿಮಟ್ಟದಲ್ಲಿ ವ್ಯತ್ಯಾಸ ಕಾಣಲಿಲ್ಲ. ಹೊಕ್ಕುಳ ಆಪರೇಷನ್ ಕೂಡ ಸಾಮಾನ್ಯವಾಗಿ ಒಂದು ಗಂಟೆಯೊಳಗಿನ ಕೆಲಸ.

ಹಾಗಾಗಿ ಹೆದರಿ ಕಾಯಬೇಡಿ. ಕಾಯುವುದಾದರೆ ಮುಚ್ಚುವ ಸಾಧ್ಯತೆ ಇದೆ ಎಂಬ ಕಾರಣಕ್ಕೆ ಕಾಯಿರಿ, ಬೇಡದ ಆಪರೇಷನ್ ತಪ್ಪುತ್ತದೆ. ಮಾಡಿಸುವ ದಿನ ಬಂದರೆ ಮಕ್ಕಳಿಗೆ ಅರಿವಳಿಕೆ ಕೊಟ್ಟು ಅಭ್ಯಾಸವಿರುವವರು ಇದ್ದಾರೆಯೇ ಎಂದು ಕೇಳಿ. ಮಗುವಿಗೆ ನೆಗಡಿ, ಕಫ, ಜ್ವರ ಇದ್ದರೆ ಮುಚ್ಚಿಡಬೇಡಿ. ದಿನಾಂಕ ಸಿಕ್ಕಿದೆ ಎಂದು ಮೂಗು ಒರೆಸಿ ಕರೆತರುವವರೂ ಇದ್ದಾರೆ.

– ಅರಿವಳಿಕೆ ತಜ್ಞೆ, ಬೆಂಗಳೂರು

*

ಮೂರು ವರ್ಷದ ಕೂಸಿನ ಮದುವೆ ಚಿಂತೆ ಮಾಡುತ್ತಿರುವ ಮಾವನವರಿಗೆ ನನ್ನ ನಮಸ್ಕಾರ. ಹೊಕ್ಕುಳು ನೋಡಿ ಹೆಣ್ಣು ಒಪ್ಪುವ ವರನಿಗೆ ಹೆಣ್ಣು ಕೊಡುವುದೇ ಬೇಡ.

– ಪದವಿ ವಿದ್ಯಾರ್ಥಿನಿ, ಕಲಬುರಗಿ

(ಮಾವನವರ ಪರವಾಗಿ ಒಂದು ಮಾತು: ಮುಚ್ಚದೇ ಉಳಿದ ಕಿಂಡಿ ಮುಂದೆ ಬಸಿರಿನಲ್ಲಿ ತೊಂದರೆ ಕೊಡಬಹುದು, ಅದು ನಿಜ. ಅದಕ್ಕಿನ್ನೂ ಬಹಳ ಕಾಲವಿದೆ. – ಸಂ.)

*

ಇಂಗ್ಲೆಂಡಿನಲ್ಲೂ ನಮಗೆ ಹೇಳಿದ್ದು ಇದೇ: ನಾಲ್ಕೈದು ವರ್ಷಕ್ಕೂ ಮುಚ್ಚದಿದ್ದರೆ ಬನ್ನಿ. ಡಾಕ್ಟರು ಎರಡು ನಿಮಿಷ ನೋಡಿ ಕಳಿಸಿದರು ಎಂದು ಊರಿನಲ್ಲಿದ್ದ ನಮ್ಮಮ್ಮ ಫೋನಿನಲ್ಲಿ ಕೂಗಾಡಿದ್ದರು. ಮಗಳಿಗೆ ನಾಲ್ಕು ತುಂಬುವಾಗ ಮುಚ್ಚಿತ್ತು. ಚರ್ಮ ಮಾತ್ರ ಸ್ವಲ್ಪ ಸಡಿಲ ಉಳಿದಿದೆ, ಅವಳಿಗೆ ಅದರ ಪರಿವೆ ಇಲ್ಲ.

– ಲೆಸ್ಟರ್‌ನಿಂದ ಒಬ್ಬ ತಾಯಿ

*

ನಮ್ಮ ಕೇಂದ್ರದಲ್ಲಿ ಇಂಥದ್ದೇ ಒಂದು ಹುಡುಗಿ ಇದ್ದಾಳೆ. ಮಕ್ಕಳು ಒಂದು ದಿನ ನೋಡಿದವು, ಮುಟ್ಟಿದವು, ಮರೆತವು. ಅಡ್ಡಹೆಸರು ಇಟ್ಟಿದ್ದು ಮಕ್ಕಳಲ್ಲ, ಕರೆದುಕೊಂಡು ಹೋಗಲು ಬರುವ ದೊಡ್ಡವರು. ನಾನು ಬಾಗಿಲಲ್ಲೇ ನಿಲ್ಲಿಸಿ ಹೇಳಿದ ಮೇಲೆ ಬಿಟ್ಟರು. ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಯೋಜನೆ, ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ತಂಡದ ಡಾಕ್ಟರು ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರುತ್ತಾರೆ. ಆ ದಿನ ಮಗುವನ್ನು ತಪ್ಪಿಸದೆ ಕಳಿಸಿ, ತೋರಿಸಿ, ಹಣ ಕೊಡಬೇಕಿಲ್ಲ.

– ಅಂಗನವಾಡಿ ಕಾರ್ಯಕರ್ತೆ, ಚಿತ್ರದುರ್ಗ ಜಿಲ್ಲೆ

(ತಾಯಿ ಕೇಳದಿದ್ದ ಪ್ರಶ್ನೆಗೆ ಬಂದ ಉತ್ತರ. ಇನ್ನೊಬ್ಬ ತಾಯಿಗೆ ಬೇಕಾಗಬಹುದು. – ಸಂ.)

*

ಈ ಚರ್ಚೆಯನ್ನು ಇಲ್ಲಿಗೆ ನಿಲ್ಲಿಸುತ್ತಿದ್ದೇವೆ. ರಾಯಚೂರಿನ ಓದುಗರೊಬ್ಬರು ತಮ್ಮ ನಾಲ್ಕು ತಿಂಗಳ ಮೊಮ್ಮಗನಿಗೆ ತೊಡೆಸಂದಿನಲ್ಲಿ ಉಬ್ಬು ಇದೆ, ‘ನಾವೂ ಐದು ವರ್ಷ ಕಾಯಬಹುದಲ್ಲವೇ’ ಎಂದು ಕೇಳಿದ್ದಾರೆ. ಅವರಿಗೆ ಪತ್ರ ತಲುಪಿದ ದಿನವೇ ಫೋನ್ ಮಾಡಿದ್ದೇವೆ. ತೊಡೆಸಂದಿನ ಹರ್ನಿಯಾ ಕಾದರೆ ಮುಚ್ಚುವಂಥದ್ದಲ್ಲ. ಹಸುಗೂಸಿನಲ್ಲಿ ಅಲ್ಲಿ ಕರುಳು ಸಿಕ್ಕಿಕೊಳ್ಳುವ ಅಪಾಯ ಹೊಕ್ಕುಳಿಗಿಂತ ಬಹಳ ಹೆಚ್ಚು, ಆದ್ದರಿಂದ ಗೊತ್ತಾದ ಕೂಡಲೇ ಮಕ್ಕಳ ಸರ್ಜನ್‌ಗೆ ತೋರಿಸಬೇಕು. ಹೊಕ್ಕುಳಿಗಿಂತ ಮೇಲೆ, ಹೊಟ್ಟೆಯ ನಡುಗೆರೆಯಲ್ಲಿ ಕಾಣುವ ಸಣ್ಣ ಗಂಟೂ ಬೇರೆಯೇ ಬಗೆಯದು, ಅದನ್ನೂ ಡಾಕ್ಟರಿಗೆ ತೋರಿಸಿ. ಇಲ್ಲಿ ಬಂದ ಐದು ವರ್ಷದ ಲೆಕ್ಕ ಹೊಕ್ಕುಳಿಗೆ ಮಾತ್ರ.

– ಸಂಪಾದಕಿ