ಅಪ್ಪನ ಪಾಲಿಯೋ, ಮಾವನ ಫಾರ್ವರ್ಡ್, ದೊಡ್ಡಮ್ಮನ ಎಲೆ ಲೆಕ್ಕ

ಭಾನುವಾರ ಬೆಳಿಗ್ಗೆ 7:10ಕ್ಕೆ ನಮ್ಮ 'ಅಜ್ಜನ ಮನೆ' ಗುಂಪಿನಲ್ಲಿ ದೊಡ್ಡಮ್ಮ ಒಂದು ಪ್ರಶ್ನೆ ಹಾಕಿದರು.

ದೊಡ್ಡಮ್ಮ: ಮುಂದಿನ ಸೋಮವಾರ ಅಜ್ಜಿಯ ತಿಥಿ. ಯಾರ್ಯಾರು ಬರುತ್ತೀರಿ? ಎಷ್ಟು ಎಲೆ ಅಂತ ಅಡುಗೆಯವರಿಗೆ ಇವತ್ತೇ ಹೇಳಬೇಕು.

7:14ಕ್ಕೆ ಶಿವಮೊಗ್ಗದ ಮಾವನ ಫಾರ್ವರ್ಡ್ ಬಂತು. ಎಲೆ ಲೆಕ್ಕ ಅಲ್ಲಿಗೇ ನಿಂತಿತು.

ಮಾವ: (ಫಾರ್ವರ್ಡ್) ನಿಮಗೆ ಗೊತ್ತೇ? 2001ರಲ್ಲಿ ಭಾರತಕ್ಕೆ ಬಂದ ಇಟಲಿಯ ಫಿಯಟ್ ಪಾಲಿಯೋ 1.6 ಕಾರಿನಲ್ಲಿ ಇದ್ದದ್ದು ಫೆರಾರಿ ಎಂಜಿನ್!! ಸಚಿನ್ ತೆಂಡೂಲ್ಕರ್ ಮೆಚ್ಚಿದ ಕಾರು. 8 ಸೆಕೆಂಡಿನಲ್ಲಿ 100 ಕಿ.ಮೀ. ವೇಗ! ಲೀಟರಿಗೆ 22 ಕಿ.ಮೀ.! ಅಪ್ಪಟ ಕಬ್ಬಿಣ. ಈಗಿನ ಕಾರುಗಳು ಬರೀ ತಗಡು ಡಬ್ಬ. ಎಲ್ಲರಿಗೂ ತಲುಪಿಸಿ.

ಮಾವ: ನೋಡಿ, ನಾನು ಹೇಳಿದರೆ ಮನೆಯಲ್ಲಿ ಯಾರೂ ಕೇಳುವುದಿಲ್ಲ. ಈಗ ಬರೆದೇ ಹಾಕಿದ್ದಾರೆ.

ಮಾವನ ಮಗ ಹೋದ ತಿಂಗಳು ಹೊಸ ಕಾರು ತಗೊಂಡಿದ್ದಾನೆ. ಮಾವನಿಗೆ ಅದರ ಬಾಗಿಲು ಹಗುರ ಅನ್ನಿಸಿದೆ. ಅವರಿಗೆ ಬೇಕಾಗಿದ್ದು ಕೊನೆಯ ಎರಡು ಸಾಲು ಮಾತ್ರ. ಮೇಲಿನದ್ದನ್ನು ಅವರು ಓದಿರಲಿಲ್ಲ ಅಂತ ಆಮೇಲೆ ಅತ್ತೆಯೇ ಫೋನಿನಲ್ಲಿ ಹೇಳಿದರು.

ನಾನು ಮಾತ್ರ ಪ್ರತಿ ಸಾಲು ಓದಿದೆ. ನಮ್ಮ ಮನೆಯಲ್ಲಿ ಇದ್ದದ್ದು ಅದೇ ಕಾರು. 2002ರ ಪಾಲಿಯೋ 1.6, ಕೆಂಪು ಬಣ್ಣ. ನಾನು ಡ್ರೈವಿಂಗ್ ಕಲಿತಿದ್ದೇ ಅದರಲ್ಲಿ.

ಗುಂಡಣ್ಣ: ಮೂಲ ಎಲ್ಲಿದೆ ಮಾವ? ಯಾರು ಬರೆದದ್ದು?

ಮಾವ: ನಮ್ಮ ವಾಕಿಂಗ್ ಗುಂಪಿನಲ್ಲಿ ಬಂತಪ್ಪ. ಎಲ್ಲರೂ ರಿಟೈರ್ಡ್ ಆಫೀಸರುಗಳು.

ಗುಂಡಣ್ಣ: ಆಫೀಸರು ಮೂಲ ಆಗುವುದಿಲ್ಲ. ಫೆರಾರಿ ಎಂಜಿನ್ ಅಂದರೆ ಯಾವುದು? 360 ಮೊಡೆನಾದ್ದಾ? ಅದು 3.6 ಲೀಟರ್, ಎಂಟು ಸಿಲಿಂಡರ್, 400 ಕುದುರೆ ಶಕ್ತಿ, ಡ್ರೈವರ್ ಬೆನ್ನ ಹಿಂದೆ ಕೂರುತ್ತದೆ. ಪಾಲಿಯೋದಲ್ಲಿ ಅದನ್ನು ಎಲ್ಲಿ ಇಡುತ್ತಾರೆ, ಡಿಕ್ಕಿಯಲ್ಲಾ?

ಗುಂಡಣ್ಣ ದೊಡ್ಡಪ್ಪನ ಮಗ, ತುಮಕೂರಿನಲ್ಲಿ ಡಿಪ್ಲೊಮಾ ಹುಡುಗರಿಗೆ ಮೆಕ್ಯಾನಿಕಲ್ ಪಾಠ ಮಾಡುತ್ತಾನೆ. ಅವನು ಹೇಳುವುದು ಸಾಮಾನ್ಯವಾಗಿ ಸರಿ ಇರುತ್ತದೆ. ಹೇಳುವ ರೀತಿಗೆ ಎದುರಿನವರು ಸೋಲಲು ಒಪ್ಪುವುದಿಲ್ಲ, ಅಷ್ಟೇ.

ದೊಡ್ಡಪ್ಪ: ಗುಂಡ, ಹಿರಿಯರ ಹತ್ತಿರ ಮಾತಾಡುವ ರೀತಿ ಇದಲ್ಲ. ವಾಹನ ಅಂದರೆ ಮನೆಯವರನ್ನು ಕ್ಷೇಮವಾಗಿ ಮನೆ ಮುಟ್ಟಿಸುವುದು. 8 ಸೆಕೆಂಡೋ 18 ಸೆಕೆಂಡೋ, ಅದು ಯಾರಿಗೆ ಬೇಕು? ನಾನು 34 ವರ್ಷ ಸ್ಕೂಟರಿನಲ್ಲೇ ಓಡಾಡಿದೆ.

ಪುಟ್ಟಿ ಅಕ್ಕ: ಫಿಯಟ್ ಅಂದರೆ ನನಗೆ ಅಜ್ಜನ ಪದ್ಮಿನಿ!!! ಸ್ಟೀರಿಂಗ್ ಪಕ್ಕದಲ್ಲೇ ಗೇರು! ಮುಂದೆ ಬೆಂಚಿನ ಥರ ಉದ್ದ ಸೀಟು! ಮುಂದೆ ಮೂರು ಜನ, ಹಿಂದೆ ಐದು ಜನ, ಮಡಿಲಲ್ಲಿ ಪುಳಿಯೋಗರೆ ಡಬ್ಬ. ಚಳಿಗಾಲದಲ್ಲಿ ಅಜ್ಜ ಚೋಕ್ ಎಳೆದು ಸ್ಟಾರ್ಟ್ ಮಾಡಿ ಎರಡು ನಿಮಿಷ ಕಣ್ಣು ಮುಚ್ಚಿ ಕೂರುತ್ತಿದ್ದರು, ನೆನಪಿದೆಯಾ?

ಅತ್ತೆ: ಕಣ್ಣು ಮುಚ್ಚಿ ಹೇಳುತ್ತಿದ್ದದ್ದು ಗಣಪತಿ ಶ್ಲೋಕ.

ಪುಟ್ಟಿ ಅಕ್ಕ: 1089 ಸಿಸಿ ಅಂತ ಅಜ್ಜ ಎಲ್ಲರಿಗೂ ಹೇಳುತ್ತಿದ್ದರು. ಇಟಲಿಯ ಫಿಯಟ್ 1100 ಕಾರೇ ಮುಂಬಯಿಯ ಕುರ್ಲಾದಲ್ಲಿ ತಯಾರಾಗಿ ಪದ್ಮಿನಿ ಆಗಿದ್ದು ಅಂತಲೂ. ನಮಗೆ ಇಟಲಿ ಗೊತ್ತಾಗಿದ್ದೇ ಹಾಗೆ.

ದೊಡ್ಡಮ್ಮ: ಎಷ್ಟು ಎಲೆ?

ಯಾರೂ ಉತ್ತರ ಕೊಡಲಿಲ್ಲ. ತಪ್ಪು ನನ್ನದೂ ಇದೆ. ಆ ಹೊತ್ತಿಗೆ ನಾನು ಉದ್ದದ ಮೆಸೇಜ್ ಟೈಪ್ ಮಾಡುತ್ತಿದ್ದೆ.

ನಾನು: ಗುಂಡಣ್ಣ ಹೇಳಿದ್ದು ಸರಿ, ಅದು ಫೆರಾರಿ ಎಂಜಿನ್ ಅಲ್ಲ. 1596 ಸಿಸಿ, ನಾಲ್ಕು ಸಿಲಿಂಡರ್, 16 ವಾಲ್ವ್, 100 ಕುದುರೆ ಶಕ್ತಿ. ಆದರೆ ಆ ಎಂಜಿನ್ನಿನ ವಂಶ ಹುಡುಕಿಕೊಂಡು ಹಿಂದೆ ಹೋದರೆ 1969ರ ಫಿಯಟ್ 128 ಸಿಗುತ್ತದೆ. ಅದರ ಎಂಜಿನ್ ಮಾಡಿದವರು ಔರೇಲಿಯೊ ಲಾಂಪ್ರೆದಿ. ಅವರು 1955ರಲ್ಲಿ ಫಿಯಟ್‌ಗೆ ಬರುವ ಮುಂಚೆ ಫೆರಾರಿಯಲ್ಲಿದ್ದರು. 1951ರಲ್ಲಿ ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ ಫೆರಾರಿ ತನ್ನ ಮೊದಲ ಫಾರ್ಮುಲಾ 1 ಚಾಂಪಿಯನ್‌ಷಿಪ್ ರೇಸ್ ಗೆದ್ದಿದ್ದು ಅವರ ಎಂಜಿನ್ನಿನಿಂದಲೇ. ಹಾಗಾಗಿ ದೂರದ ಸಂಬಂಧ ಇದೆ.

ಮಾವ: ಹಾಗಾದರೆ ನಾನು ಹೇಳಿದ್ದೇ ಸರಿ ಆಯಿತಲ್ಲ!

ಗುಂಡಣ್ಣ: ಇಲ್ಲ ಮಾವ, ಆಗಲಿಲ್ಲ.

ಮಾವ: ಮತ್ತೆ ಸಚಿನ್‌ಗೆ ಫೆರಾರಿ ಕೊಟ್ಟಿದ್ದು ಸುಳ್ಳಾ?

ಅದೂ ನಿಜವೇ. ಸಚಿನ್ ಆಗ ಪಾಲಿಯೋ ಜಾಹೀರಾತಿನಲ್ಲಿದ್ದರು. 2002ರಲ್ಲಿ ಬ್ರಾಡ್‌ಮನ್‌ರ 29 ಟೆಸ್ಟ್ ಶತಕಗಳನ್ನು ಸರಿಗಟ್ಟಿದ್ದಕ್ಕೆ ಫಿಯಟ್ ಕಡೆಯಿಂದ ಫೆರಾರಿಯ ರೇಸ್ ಡ್ರೈವರ್ ಷೂಮಾಕರ್ ಸಚಿನ್‌ಗೆ ಕೊಟ್ಟಿದ್ದು 360 ಮೊಡೆನಾ. ಕೊಟ್ಟಿದ್ದೂ ಸಿಲ್ವರ್‌ಸ್ಟೋನ್‌ನಲ್ಲೇ. ಆಮೇಲೆ ಸುಂಕ ಮನ್ನಾ ಮಾಡುವ ವಿಷಯದಲ್ಲಿ ದೊಡ್ಡ ಚರ್ಚೆ ಆಗಿ ಕೊನೆಗೆ ಕಂಪನಿಯೇ ಸುಂಕ ಕಟ್ಟಿತು. ಫೆರಾರಿ, ಫಿಯಟ್, ಸಚಿನ್ ಮೂರೂ ಒಂದೇ ಸುದ್ದಿಯಲ್ಲಿ ಬಂದಿದ್ದವು. ಯಾರೋ ಅದನ್ನು ಕಲಸಿ ಈ ಫಾರ್ವರ್ಡ್ ಮಾಡಿದ್ದಾರೆ. ಇದನ್ನೂ ಬರೆದೆ. ಅದಕ್ಕೆ ಬಂದ ಉತ್ತರ ಪುಟ್ಟಿ ಅಕ್ಕನ ಒಂದು ಹೃದಯ ಮಾತ್ರ.

ಅಷ್ಟರಲ್ಲಿ ಅಮ್ಮ ಬಂದರು. ಅಮ್ಮ ಗುಂಪಿನಲ್ಲಿ ಬರೆಯುವುದು ಹಬ್ಬಕ್ಕೆ ಮಾತ್ರ.

ಅಮ್ಮ: ಅಣ್ಣಾವ್ರೇ, ಈ ಕಾರು ಈಗ ಒಳ್ಳೆಯದಾಯಿತಾ? ನಾವು ತಗೊಂಡ ದಿನ ನೀವು ಏನು ಹೇಳಿದಿರಿ ನೆನಪಿದೆಯಾ? "ಕಾರಿನ ಜೊತೆ ಒಂದು ಪೆಟ್ರೋಲ್ ಬಂಕೂ ತಗೊಳ್ಳಿ" ಅಂದಿರಿ. ಎಲ್ಲರ ಮುಂದೆ. ಆರತಿ ತಟ್ಟೆ ಇನ್ನೂ ನನ್ನ ಕೈಯಲ್ಲೇ ಇತ್ತು.

ಮಾವ: ತಮಾಷೆಗೆ ಹೇಳಿದ್ದಮ್ಮ.

ಅಮ್ಮ: ಅವತ್ತು ರಾತ್ರಿ ಇವರು ಊಟ ಮಾಡಲಿಲ್ಲ.

ಗುಂಡಣ್ಣ: ಬಂಕ್ ಮಾತು ಪೂರ್ತಿ ತಪ್ಪಲ್ಲ ಚಿಕ್ಕಮ್ಮ. 100 ಕುದುರೆ ಶಕ್ತಿ, ಒಂದು ಟನ್‌ಗಿಂತ ಜಾಸ್ತಿ ತೂಕ. 22 ಕಿ.ಮೀ. ಕೊಡುವುದೂ ಇಲ್ಲ, 8 ಸೆಕೆಂಡಿನಲ್ಲಿ 100 ಮುಟ್ಟುವುದೂ ಇಲ್ಲ. ಯಾರ ಹತ್ತಿರವಾದರೂ ಲೆಕ್ಕ ಇದ್ದರೆ ತೋರಿಸಿ.

ಲೆಕ್ಕ ಇತ್ತು. ಅಪ್ಪ ಒಂಬತ್ತು ವರ್ಷ, ಪ್ರತಿ ಸಲ ಪೆಟ್ರೋಲ್ ಹಾಕಿಸಿದಾಗಲೂ, ನೀಲಿ ರಟ್ಟಿನ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ತಾರೀಖು, ಲೀಟರು, ಮೀಟರಿನ ಅಂಕಿ, ಎಲ್ಲಿಗೆ ಹೋಗಿದ್ದು. ಊರೊಳಗೆ 9, ಹೆದ್ದಾರಿಯಲ್ಲಿ 13. ಪುಸ್ತಕ ನನ್ನ ಕಪಾಟಿನಲ್ಲೇ ಇದೆ. ಎರಡು ಪುಟದ ಫೋಟೊ ತೆಗೆದು ಹಾಕಿದೆ.

ನಾನು: ಇದು ಮೂಲ. ಹಾಗೆಯೇ ಇನ್ನೊಂದು ಮಾತು. ಅದು ಸೆಕೆಂಡು ಎಣಿಸುವ ಕಾರಲ್ಲ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗ ಅಪ್ಪ ಮೊದಲ ಸಲ ನನ್ನ ಕೈಗೆ ಕೊಟ್ಟರು. ಮಳೆ ಬಂದು ನಿಂತಿತ್ತು. ಪವರ್ ಸ್ಟೀರಿಂಗ್ ಇದ್ದರೂ ಕೈಗೆ ತೂಕ ಸಿಗುತ್ತಿತ್ತು. ಚಕ್ರದ ಕೆಳಗೆ ಜಲ್ಲಿ ಬಂತಾ, ಒದ್ದೆ ಟಾರು ಬಂತಾ ಅಂತ ಅಂಗೈಗೆ ಗೊತ್ತಾಗುತ್ತಿತ್ತು. ಗುಂಡಿ ಸಿಕ್ಕರೆ ಧಡ್ ಅನ್ನದೆ ಧಪ್ ಅಂತ ನುಂಗಿಕೊಳ್ಳುತ್ತಿತ್ತು. ಕ್ಲಚ್ ಗಟ್ಟಿ, ಪೇಟೆಯಲ್ಲಿ ಓಡಿಸಿದರೆ ಎಡ ಮಂಡಿ ಹೇಳುತ್ತಿತ್ತು. ವಾಪಸ್ ಹತ್ತುವಾಗ ಗೇರು ಇಳಿಸಿ, ಮೂರೂವರೆ ಸಾವಿರ ಸುತ್ತು ದಾಟಿಸಿದರೆ ಎಂಜಿನ್ನಿನ ದನಿಯೇ ಬದಲಾಗುತ್ತಿತ್ತು. ಗುಂಡಣ್ಣ, ಇದನ್ನು ಸ್ಟಾಪ್‌ವಾಚಿನಲ್ಲಿ ಅಳೆಯಲು ಆಗುವುದಿಲ್ಲ.

ಇದಕ್ಕೆ ಯಾರಾದರೂ ಏನಾದರೂ ಹೇಳುತ್ತಾರೆ ಅಂತ ಕಾದೆ. ಎಲ್ಲರೂ ಫೋಟೊ ದೊಡ್ಡದು ಮಾಡಿ ನೋಡುತ್ತಿದ್ದರು. ನಾನು ತೆಗೆದ ಎರಡನೇ ಪುಟ ಪುಸ್ತಕದ ಕೊನೆಯ ಪುಟ. ಅದರ ಕೆಳಗೆ ಅಪ್ಪನ ಅಕ್ಷರದಲ್ಲಿ ಹೀಗಿತ್ತು: "ಗಾಡಿ ಹೋಯಿತು. 48,000."

ದೊಡ್ಡಪ್ಪ: ಇದೇನಿದು 48? ಸೀನ, ನೀನು 60 ಅಂದಿದ್ದೆಯಲ್ಲ?

ಸೀನ ಅಂದರೆ ನಮ್ಮ ಚಿಕ್ಕಪ್ಪ. ಅಪ್ಪನಿಗೆ ರಾಯಚೂರಿಗೆ ವರ್ಗ ಆದಾಗ ಕಾರು ಚನ್ನರಾಯಪಟ್ಟಣದಲ್ಲಿ ಅವರ ಮನೆಯ ಮುಂದೆ ನಿಂತಿತ್ತು. ಎಂಟು ತಿಂಗಳ ಮೇಲೆ ಅವರೇ ಮಾರಿಸಿದರು. ಮಾರಿದ ಮೇಲೆ ನನಗೆ ಹೇಳಿದ್ದು. ನಾನು ಎರಡು ವಾರ ಅವರ ಜೊತೆ ಮಾತು ಬಿಟ್ಟಿದ್ದೆ.

ಚಿಕ್ಕಪ್ಪ: 60ಕ್ಕೇ ಹೋಗಿದ್ದು ಅಣ್ಣ.

ದೊಡ್ಡಪ್ಪ: ಮತ್ತೆ ಪುಸ್ತಕ ಸುಳ್ಳು ಹೇಳುತ್ತದಾ? ಮನೆಯ ವ್ಯವಹಾರದಲ್ಲಿ ಪಾರದರ್ಶಕತೆ ಇರಬೇಕು. ಅಪ್ಪ ನಮಗೆ ಕಲಿಸಿದ್ದು ಅದನ್ನೇ.

ಅತ್ತೆ: ಅಪ್ಪನ ಪದ್ಮಿನಿ ಮಾರಿದ ದುಡ್ಡಿನ ಪಾರದರ್ಶಕತೆ ಎಲ್ಲಿ ಹೋಯಿತು ಅಣ್ಣ?

ದೊಡ್ಡಪ್ಪ: ಆ ವಿಷಯ ಇಲ್ಲಿ ಬೇಡ.

ಪುಟ್ಟಿ ಅಕ್ಕ: ಪದ್ಮಿನಿಯ ಬಣ್ಣ ತಿಳಿ ಹಸಿರು ಅಲ್ವಾ? ಯಾರ ಹತ್ತಿರವಾದರೂ ಫೋಟೊ ಇದೆಯಾ?

ಚಿಕ್ಕಪ್ಪ: ನಾನು ಒಂದು ಸಲ ಮಾತ್ರ ಹೇಳುತ್ತೇನೆ. ಕಾರು ಎಂಟು ತಿಂಗಳು ಬಿಸಿಲು ಮಳೆಯಲ್ಲಿ ನಿಂತಿತ್ತು. ಬ್ಯಾಟರಿ ಹೋಗಿತ್ತು, ಎರಡು ಟೈರು ಹೋಗಿತ್ತು. ಅದನ್ನು ಹಾಕಿಸದೆ ಯಾರೂ ನೋಡಲೂ ಬರುತ್ತಿರಲಿಲ್ಲ. ಬ್ರೋಕರ್ ಕಮಿಷನ್ ಬೇರೆ. ಎಲ್ಲ ಸೇರಿ 12. ನನ್ನ ಕೈಯಿಂದ ಮೊದಲು ಹಾಕಿ ಆಮೇಲೆ ಮುರಿದುಕೊಂಡೆ. ಇಷ್ಟು ವರ್ಷದಲ್ಲಿ ಯಾರೂ ಕೇಳಲಿಲ್ಲ. ಕೇಳಿದ್ದರೆ ಅವತ್ತೇ ಹೇಳುತ್ತಿದ್ದೆ.

ಗುಂಡಣ್ಣ: ಬಿಲ್ ಇದೆಯಾ ಚಿಕ್ಕಪ್ಪ?

ನನಗೆ ಗುಂಡಣ್ಣನ ಮೇಲೆ ನಿಜವಾಗಿಯೂ ಸಿಟ್ಟು ಬಂತು. ನನ್ನ ಮೇಲೂ ಬಂತು. ಮೈಲೇಜ್ ತೋರಿಸಲು ಒಂದೇ ಪುಟ ಸಾಕಿತ್ತು. ಫೋಟೊ ಅಳಿಸಲು ಹೋದೆ. ಅಷ್ಟರಲ್ಲಿ ಅಪ್ಪ ಬರೆಯುತ್ತಿದ್ದಾರೆ ಅಂತ ತೋರಿಸಿತು. ಅಪ್ಪ ಒಂದು ಬೆರಳಿನಲ್ಲಿ ಬರೆಯುತ್ತಾರೆ, ನಿಧಾನ.

ಅಪ್ಪ: ಬಿಲ್ ಅದೇ ಪುಸ್ತಕದ ರಟ್ಟಿನ ಒಳಗೆ ಇದೆ. ಸೀನ ಅವತ್ತೇ ಕೊಟ್ಟಿದ್ದ. ಮಗೂ, ಹಿಂದಿನ ರಟ್ಟು ತೆಗೆದು ನೋಡು.

ನೋಡಿದೆ. ಟೈರಿನ ಬಿಲ್, ಬ್ಯಾಟರಿ ಬಿಲ್, ಬ್ರೋಕರ್ ಕೈಬರಹದ ಚೀಟಿ. ಮೂರನ್ನೂ ಒಂದೇ ಗುಂಡುಸೂಜಿಯಲ್ಲಿ ಚುಚ್ಚಿ ಇಟ್ಟಿದ್ದಾರೆ. ಸೂಜಿ ತುಕ್ಕು ಹಿಡಿದು ಕಾಗದಕ್ಕೆ ಅಂಟಿಕೊಂಡಿದೆ. ಫೋಟೊ ಹಾಕಿದೆ. ಐದು ನಿಮಿಷ ಗುಂಪಿನಲ್ಲಿ ಸದ್ದಿಲ್ಲ.

ದೊಡ್ಡಪ್ಪ: ಸರಿ. ನಾನು ಕೇಳಿದ್ದು ತಪ್ಪು ತಿಳಿಯಬೇಡ ಸೀನ.

ಚಿಕ್ಕಪ್ಪ: ಇರಲಿ ಅಣ್ಣ.

ನಾನು: ಚಿಕ್ಕಪ್ಪ, ಅವತ್ತು ನಾನು ಮಾತು ಬಿಟ್ಟಿದ್ದೆನಲ್ಲ. ನನಗೆ ಇದು ಗೊತ್ತಿರಲಿಲ್ಲ.

ಚಿಕ್ಕಪ್ಪ: ನಿನಗೆ ಕಾರಿನ ಮೇಲೆ ಎಷ್ಟು ಆಸೆ ಅಂತ ನನಗೆ ಗೊತ್ತಿತ್ತು. ಅದಕ್ಕೇ ಮೊದಲು ಹೇಳುವ ಧೈರ್ಯ ಬರಲಿಲ್ಲ. ತಗೊಂಡವನು ಮೂಡಿಗೆರೆ ಕಡೆಯ ಹುಡುಗ. ಓಡಿಸಿ ನೋಡಲು ಕೊಟ್ಟೆ. ಹಾಸನದ ದಾರಿಯಲ್ಲಿ ಹತ್ತು ಕಿ.ಮೀ. ಹೋಗಿ ವಾಪಸ್ ಬಂದು, ಎಂಜಿನ್ ಆಫ್ ಮಾಡದೆ ಬಾನೆಟ್ ಮೇಲೆ ಕೈ ಇಟ್ಟುಕೊಂಡು ನಿಂತಿದ್ದ. ರೇಟು ಜಾಸ್ತಿ ಚೌಕಾಸಿ ಮಾಡಲಿಲ್ಲ.

ಇದನ್ನು ನಾನು ಮೂರು ಸಲ ಓದಿದೆ.

ಮಾವ: ಒಟ್ಟಿನಲ್ಲಿ ಕಬ್ಬಿಣ ಗಟ್ಟಿ ಇತ್ತು ಅಂತ ಆಯಿತಲ್ಲ.

ದೊಡ್ಡಮ್ಮ: ಅಡುಗೆಯವರು ಎರಡು ಸಲ ಫೋನ್ ಮಾಡಿದರು. ಎಷ್ಟು ಎಲೆ?

ಚಿಕ್ಕಪ್ಪ: ನಾವು ನಾಲ್ಕು ಅತ್ತಿಗೆ.

ಅತ್ತೆ: ನಾವು ಮೂರು. ಮಗ ಹೊಸ ಕಾರಿನಲ್ಲಿ ಕರೆದುಕೊಂಡು ಬರುತ್ತಾನೆ. ಇವರೂ ಅದರಲ್ಲೇ ಬರುತ್ತಾರೆ.

ಅಪ್ಪ: ಮೂರು. ಪುಸ್ತಕ ತರುತ್ತೇವೆ.