‘ಆಯತಪ್ಪಿ ಬಿದ್ದು’ ಎಂಬುದಕ್ಕೆ ಬೇರೆ ಮಾತಿದೆಯೇ?

ಬಲ್ಲವರಲ್ಲಿ ಒಂದು ಪ್ರಶ್ನೆ. ಬಸವನಗುಡಿಯ ನಮ್ಮ ಬೀದಿಯ ಹಿರಿಯರೊಬ್ಬರು ಫುಟ್‌ಪಾತಿನಲ್ಲಿ ಬಿದ್ದು ಅವರ ಮಣಿಕಟ್ಟಿನ ಮೂಳೆ ಮುರಿದಿದೆ. ಮೋರಿಯ ಮೇಲೆ ಹಾಸಿದ ಚಪ್ಪಡಿಗೆ ಒಂದು ಬದಿಯಲ್ಲಿ ಆಧಾರವೇ ಇರಲಿಲ್ಲ. ಅಂಚನ್ನು ತುಳಿದೊಡನೆ ಮಗುಚಿಕೊಂಡಿತು. ಸ್ಥಳೀಯ ಸಂಸ್ಥೆಯಿಂದ ಪರಿಹಾರ ಕೇಳುವ ಅರ್ಜಿಯನ್ನು ಕನ್ನಡದಲ್ಲಿ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಠಾಣೆಯಲ್ಲಿ ಬರೆದುಕೊಂಡ ಹೇಳಿಕೆಯಲ್ಲಿ ಆಗಲೇ ‘ನಡೆದು ಹೋಗುತ್ತಿರುವಾಗ ಆಯತಪ್ಪಿ ಬಿದ್ದು’ ಎಂದಿದೆ. ಪತ್ರಿಕೆಗಳಲ್ಲೂ ಇದೇ ಸಿದ್ಧವಾಕ್ಯ.

ಆಯ ತಪ್ಪಿದ್ದು ನಡೆಯುವವರದು ಎಂದಾದರೆ ಚಪ್ಪಡಿ ಹಾಸಿದವರು ಪಾರಾದಂತೆಯೇ. ನಿರ್ಲಕ್ಷ್ಯ ಯಾರದು ಎಂಬುದರ ಮೇಲೆಯೇ ನಿಂತಿರುವ ವ್ಯಾಜ್ಯದಲ್ಲಿ ಎದುರು ವಕೀಲರು ಮೊದಲ ಕಾಗದದ ಮಾತನ್ನೇ ಹಿಡಿದುಕೊಳ್ಳುತ್ತಾರೆ. ‘ಎಡವಿ’ ಎಂದು ಬರೆದರೆ ಇನ್ನೂ ಕೆಟ್ಟಿತು. ‘ಲೆಕ್ಕಾಚಾರದಲ್ಲಿ ಎಡವಿದ ಸರ್ಕಾರ’ ಎಂದು ತಲೆಬರಹ ಕೊಡುವ ಭಾಷೆಯಲ್ಲಿ ಎಡವುವುದೆಂದರೆ ತಪ್ಪು ಮಾಡುವುದೇ. ಎಡವುವ ಕಾಲೇ ಎಡವುವುದು ಎಂಬ ಗಾದೆಯಂತೂ ಎಲ್ಲವನ್ನೂ ಕಾಲಿನ ಮೇಲೆ ಹೊರಿಸುತ್ತದೆ. ಕಲ್ಲಿನ ಸುದ್ದಿಯೇ ಇಲ್ಲ! ‘ಮುಗ್ಗರಿಸಿ’ ಕೂಡ ಅದೇ ಜಾತಿ. ‘ಕೈ ಮುರಿದುಕೊಂಡರು’ ಎಂಬಲ್ಲಿನ ‘ಕೊಳ್ಳು’ವನ್ನೂ ಕೈಬಿಟ್ಟಿದ್ದೇನೆ, ತಾವಾಗಿಯೇ ಮಾಡಿಕೊಂಡ ಹಾಗೆ ಕೇಳಿಸುತ್ತದೆ.

ಸದ್ಯಕ್ಕೆ ‘ಚಪ್ಪಡಿ ಮಗುಚಿದ್ದರಿಂದ ಬಿದ್ದೆನು, ಬಲಗೈ ಮಣಿಕಟ್ಟು ಮುರಿಯಿತು’ ಎಂದು ಬರೆದಿದ್ದೇನೆ. ದೋಸೆ ಮಗುಚಿದ ನೆನಪಾಗುತ್ತದೆ ಎಂದು ಮನೆಯಲ್ಲಿ ನಗುತ್ತಾರೆ. ‘ಕುಸಿದು’ ಎನ್ನುವಂತಿಲ್ಲ, ಚಪ್ಪಡಿ ಕುಸಿದಿಲ್ಲ. ಗಾರೆ ಕೆಲಸದವರು ಹೀಗೆ ಅಲುಗುವ ಕಲ್ಲಿಗೆ ಬೇರೆ ಮಾತು ಬಳಸುತ್ತಾರೆಯೇ?

ಇನ್ನೊಂದು, ‘ಪರಿಹಾರ’. ಮಂತ್ರಿಗಳು ಘೋಷಿಸುವುದೂ ಪರಿಹಾರ, ಕೋರ್ಟು ಕೊಡಿಸುವುದೂ ಪರಿಹಾರ. ರಸ್ತೆ ಗುಂಡಿಯಿಂದ ಗಾಯಗೊಂಡವರು ಪರಿಹಾರ ಕೇಳಬಹುದೆಂದು ಕರ್ನಾಟಕ ಹೈಕೋರ್ಟ್ 2019ರಲ್ಲೇ ಹೇಳಿತ್ತು. ಅಡೆತಡೆಯಿಲ್ಲದ ಫುಟ್‌ಪಾತು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿತು. ಹಕ್ಕಾದ ಮೇಲೆ ‘ದಯಪಾಲಿಸಬೇಕಾಗಿ ಕೋರುತ್ತೇನೆ’ ಏಕೆ? ‘ನಷ್ಟಭರ್ತಿ’ಗೆ ವಿಮೆಯ ವಾಸನೆ. ‘ಕ್ಲೇಮು’ ಎಂದರೆ ಗುಮಾಸ್ತರಿಗೆ ತಟ್ಟನೆ ತಿಳಿಯುತ್ತದೆ, ನನ್ನ ಒಲವೂ ಅತ್ತಲೇ. ಕನ್ನಡದಲ್ಲಿ ದಾವೆ ಬರೆಯುವ ವಕೀಲರು ಇಲ್ಲಿದ್ದರೆ, ನೀವು ‘ನಷ್ಟಪರಿಹಾರ’ವನ್ನು ಈಗಲೂ ಬಳಸುತ್ತೀರಾ?